ಅಣ್ಣ ಫೇಸ್‌ಬುಕ್ ಬಿಟ್ಟ, ನನಗೇಕೆ ಆಗುತ್ತಿಲ್ಲ?

ಪ್ರಶ್ನೆ: ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಬಿಡಬೇಕೆಂದು ನಾಲ್ಕಾರು ಸಲ ಡಿಆಕ್ಟಿವೇಟ್ ಮಾಡಿದ್ದೇನೆ. ವಾರದೊಳಗೆ ಮತ್ತೆ ಅಲ್ಲೇ ಇರುತ್ತೇನೆ. ನಮ್ಮಣ್ಣ ಒಂದು ದಿನ ಅಕೌಂಟ್ ಡಿಲೀಟ್ ಮಾಡಿದವನು ಇವತ್ತಿನವರೆಗೂ ಅತ್ತ ತಲೆ ಹಾಕಿಲ್ಲ. ಇದೆಲ್ಲ ಅವರವರ ಸ್ವಭಾವವೇ?

ಉತ್ತರ: ಸ್ವಭಾವದ ಪಾಲು ಇದೆ. ಆದರೆ ಅಣ್ಣನಿಗೆ ಮನೋಬಲ ಜಾಸ್ತಿ, ನಿಮಗೆ ಕಮ್ಮಿ ಎಂದು ಕೈಚೆಲ್ಲಿ ಕೂರುವ ಅಗತ್ಯವಿಲ್ಲ. ಒಂದೇ ಆ್ಯಪ್ ಒಬ್ಬರಿಗೆ ಒಂದು ಕಾರಣಕ್ಕೆ ಸಾಕಾಗುತ್ತದೆ, ಇನ್ನೊಬ್ಬರಿಗೆ ಮತ್ತೊಂದಕ್ಕೆ. ಸ್ವಭಾವ ಎದ್ದು ಕಾಣುವುದು ಈ 'ಸಾಕಾಯಿತು' ಎನ್ನುವ ಜಾಗದಲ್ಲಿ.

ಇದನ್ನು ನೇರವಾಗಿ ಕೆದಕಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸ್ಟೆಫಾನ್ ಸ್ಟೀಗರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಫೇಸ್‌ಬುಕ್ ಬಿಟ್ಟ 310 ಜನರನ್ನು, ಬಳಸುತ್ತಲೇ ಇದ್ದ 321 ಜನರೊಂದಿಗೆ ಹೋಲಿಸಿ ನೋಡಿದರು. ಬಿಟ್ಟವರಲ್ಲಿ ಗಂಡಸರು ಹೆಚ್ಚು, ವಯಸ್ಸೂ ತುಸು ಹೆಚ್ಚು. ಸ್ವಭಾವದ ಅಳತೆಯಲ್ಲಿ ಕಂಡ ವ್ಯತ್ಯಾಸವೆಂದರೆ ಅವರು ಹೆಚ್ಚು ಶಿಸ್ತಿನವರು: ಹಿಡಿದ ಕೆಲಸ ಮುಗಿಸುವವರು, ಲೆಕ್ಕಾಚಾರದವರು. ತಮ್ಮ ಖಾಸಗಿ ವಿಷಯ ಯಾರ ಕೈ ಸೇರುತ್ತದೋ ಎಂಬ ಎಚ್ಚರಿಕೆಯೂ ಅವರಿಗೆ ಜಾಸ್ತಿ. ಇಲ್ಲಿಯವರೆಗೆ ನಿಮ್ಮಣ್ಣನ ಚಿತ್ರವೇ ಇದ್ದೀತು.

ಸ್ವಾರಸ್ಯ ಇರುವುದು ಮುಂದೆ. ಯಾಕೆ ಬಿಟ್ಟಿರಿ ಎಂದು ಕೇಳಿದಾಗ ಶೇ 48ರಷ್ಟು ಮಂದಿ ಖಾಸಗಿತನದ ಕಾರಣ ಕೊಟ್ಟರು. ಒಟ್ಟಾರೆ ಬೇಸರ ಎಂದವರು ಶೇ 13.5. ಸ್ನೇಹಿತರ ಪಟ್ಟಿಯಲ್ಲಿದ್ದವರ ಕಾಟ ಎಂದವರು ಶೇ 12.6. ಚಟ ಆಗುತ್ತಿದೆ ಅನ್ನಿಸಿತು ಎಂದವರು ಬರೀ ಶೇ 6. ಆದರೆ ಇಂಟರ್‌ನೆಟ್ ಚಟವನ್ನು ಅಳೆಯುವ ಪ್ರಶ್ನಾವಳಿಯಲ್ಲಿ ಹೆಚ್ಚು ಅಂಕ ಬಂದದ್ದು ಇದೇ ಬಿಟ್ಟವರ ಗುಂಪಿಗೆ!

ಸರಾಸರಿ ಅಂಕಗಳಿಂದ ಯಾರೊಬ್ಬರ ಮನಸ್ಸನ್ನೂ ಓದಲಾಗದು, ನಿಜ. ಆದರೂ ನನಗೆ ಅನ್ನಿಸುವುದನ್ನು ಹೇಳಿಬಿಡುತ್ತೇನೆ: 'ನನ್ನ ಮಾಹಿತಿ ಕದಿಯುತ್ತಾರೆ, ಅದಕ್ಕೇ ಬಿಟ್ಟೆ' ಎನ್ನುವುದು ನಾಲ್ಕು ಜನರೆದುರು ಗೌರವದ ಮಾತು. 'ರಾತ್ರಿ ಎರಡು ಗಂಟೆಯವರೆಗೆ ಫೋನ್ ಕೆಳಗಿಡಲು ಆಗುತ್ತಿರಲಿಲ್ಲ' ಎಂದು ಒಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲ. ಶಿಸ್ತನ್ನೇ ದೊಡ್ಡದಾಗಿ ಕಾಣುವ ಮನುಷ್ಯನಿಗಂತೂ ತನ್ನ ಬೆರಳು ತನ್ನ ಮಾತು ಕೇಳುತ್ತಿಲ್ಲ ಎಂಬುದು ಇನ್ನೂ ಕಿರಿಕಿರಿ. ಹಾಗಾಗಿ ಬಿಟ್ಟವರೆಲ್ಲ ನಿರ್ಲಿಪ್ತರು ಎಂದುಕೊಳ್ಳಬೇಡಿ. ಕೆಲವರು ಬುಡಸಮೇತ ಕಿತ್ತುಹಾಕುವುದು, ಇಟ್ಟುಕೊಂಡರೆ ತಮ್ಮ ಕೈಲಾಗದು ಎಂದು ಗೊತ್ತಾದ ಮೇಲೆ.

ಖಾಸಗಿತನದ ಭಯ ಸುಳ್ಳು ಎಂದಲ್ಲ. 2018ರಲ್ಲಿ, ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಸಂಸ್ಥೆಯ ಹಗರಣ ಬಯಲಾದಾಗ ಫೇಸ್‌ಬುಕ್ಕನ್ನೇ ಅಳಿಸಿ ಎಂಬ ಕೂಗೆದ್ದಿತು. ಸುಮಾರು 8.7 ಕೋಟಿ ಜನರ ಮಾಹಿತಿ ಸೋರಿರಬಹುದೆಂದು ಫೇಸ್‌ಬುಕ್ ಕಂಪನಿಯೇ ಹೇಳಿತು, ಅದರಲ್ಲಿ ಭಾರತದವರು 5.6 ಲಕ್ಷ. ಆ ಮಾಹಿತಿ ಸೋರಿದ್ದು ಹೇಗೆ? 'ನಿಮ್ಮ ಸ್ವಭಾವ ಎಂಥದ್ದು ತಿಳಿದುಕೊಳ್ಳಿ' ಎಂಬ ಪರೀಕ್ಷೆಯ ಆ್ಯಪ್ ಮೂಲಕ. ಸ್ವಭಾವಕ್ಕೂ ಫೇಸ್‌ಬುಕ್ ಬಿಡುವುದಕ್ಕೂ ಇದಕ್ಕಿಂತ ವಿಚಿತ್ರವಾದ ನಂಟು ಸಿಗಲಿಕ್ಕಿಲ್ಲ.

ಇನ್ನು ನಿಮ್ಮ ಕಡೆಗೆ ಬರೋಣ. ಮನಶ್ಶಾಸ್ತ್ರಜ್ಞರು ಸ್ವಭಾವವನ್ನು ಐದು ಗುಣಗಳಲ್ಲಿ ಅಳೆಯುತ್ತಾರೆ: ಹೊಸತನದ ಹಂಬಲ, ಶಿಸ್ತು, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಆತಂಕದ ಒಲವು. ಇವುಗಳಲ್ಲಿ ಜಾಲತಾಣದ ಅತಿಬಳಕೆಯೊಂದಿಗೆ ಮತ್ತೆ ಮತ್ತೆ ತಳುಕು ಹಾಕಿಕೊಂಡು ಕಾಣಿಸುವುದು ಆತಂಕದ ಒಲವು. ಇಂಥವರು ತಮ್ಮನ್ನು ಬೇರೆಯವರೊಂದಿಗೆ ಹೋಲಿಸಿಕೊಂಡು, ಅಸೂಯೆಪಟ್ಟು, ಆ ಅಸೂಯೆಗೆ ತಮ್ಮ ಮೇಲೇ ಸಿಟ್ಟಾಗಿ ಜಾಲತಾಣ ಬಿಡುತ್ತಾರೆ. ಬಿಟ್ಟ ಮೇಲೆ ಅಲ್ಲಿ ಏನು ನಡೆಯುತ್ತಿದೆಯೋ ಎಂಬ ಆತಂಕ ಶುರು. ಬಿಡಿಸಿದ್ದೂ ಅದೇ ಗುಣ, ವಾಪಸ್ ಕರೆತಂದದ್ದೂ ಅದೇ. ಬಹಿರ್ಮುಖಿಗಳ ಕಥೆ ಸರಳ: ಜನ ಅಲ್ಲಿದ್ದರೆ ಅವರೂ ಅಲ್ಲಿ, ಗೆಳೆಯರು ಬೇರೆ ಕಡೆ ಹೋದರೆ ಇವರೂ ಹೊರಟರು.

ನಿಮಗೆ ಸಮಾಧಾನ ತರುವ ಸಂಗತಿಯೂ ಒಂದಿದೆ. ಡೆನ್ಮಾರ್ಕಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2016ರಲ್ಲಿ ಹೊರಬಂತು. ಅರ್ಧದಷ್ಟು ಜನ ಒಂದು ವಾರ ಫೇಸ್‌ಬುಕ್ ಮುಟ್ಟಲಿಲ್ಲ. ಆ ವಾರದ ಲಾಭ ಹೆಚ್ಚು ಸಿಕ್ಕಿದ್ದು ಯಾರಿಗೆಂದರೆ, ಅತಿಯಾಗಿ ಬಳಸುತ್ತಿದ್ದವರಿಗೆ, ಏನೂ ಬರೆಯದೆ ಸುಮ್ಮನೆ ನೋಡುತ್ತಿದ್ದವರಿಗೆ ಮತ್ತು ಬೇರೆಯವರ ಪೋಸ್ಟ್ ಕಂಡು ಕರುಬುತ್ತಿದ್ದವರಿಗೆ. ಅಂದರೆ ಬಿಡುವುದು ಯಾರಿಗೆ ಕಷ್ಟವೋ ಅವರಿಗೇ.

ನಾಲ್ಕು ವಾರಕ್ಕೆ ಹಿಗ್ಗಿಸಿದ ಇನ್ನೊಂದು ಪ್ರಯೋಗ 2018ರ ಚುನಾವಣೆಯ ಹೊತ್ತಿನಲ್ಲಿ ಅಮೆರಿಕದಲ್ಲಿ ನಡೆಯಿತು. ದಿನಕ್ಕೆ ಸುಮಾರು ಒಂದು ಗಂಟೆ ಬಿಡುವಾಯಿತು, ನೆಮ್ಮದಿ ತುಸು ಹೆಚ್ಚಿತು, ಸುದ್ದಿಯ ತಿಳಿವಳಿಕೆ ಕಡಿಮೆಯಾಯಿತು. ನಿಮಗೆ ಮುಖ್ಯವಾದದ್ದು ಆಮೇಲಿನದು. ಪ್ರಯೋಗ ಮುಗಿದು ಮರಳಿದವರು ಮೊದಲಿನಷ್ಟು ಬಳಸಲಿಲ್ಲ. ಮರಳುವುದೆಂದರೆ ಸೋಲು ಎಂದು ನೀವು ಬೈದುಕೊಳ್ಳುತ್ತಿದ್ದರೆ ಇದನ್ನು ನೆನಪಿಡಿ.

ಸ್ವಭಾವಕ್ಕೆ ಕವಡೆ ಕಿಮ್ಮತ್ತಿಲ್ಲದ ಸಂದರ್ಭಗಳೂ ಇವೆ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಶಿಸ್ತಿನವರು, ಆತಂಕದವರು ಎಲ್ಲರೂ ಒಟ್ಟಿಗೆ 'ಬಿಟ್ಟರು'. ಮುಂದಿನ ತಿಂಗಳೇ ರೀಲ್ಸ್ ಬಂತು. ವಾಟ್ಸ್‌ಆ್ಯಪ್ ಅಂತೂ ಸ್ವಭಾವ ಕೇಳುವುದೇ ಇಲ್ಲ. ಮಗಳ ಶಾಲೆಯ ಸೂಚನೆ, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್, ಚಿಕ್ಕಮ್ಮನ ಮನೆಯ ಗೃಹಪ್ರವೇಶ ಎಲ್ಲ ಅದರಲ್ಲೇ ಬರುವಾಗ ಎಂಥ ಅಂತರ್ಮುಖಿಯೂ ಹೆಚ್ಚೆಂದರೆ ಗ್ರೂಪ್ ಮ್ಯೂಟ್ ಮಾಡಿಯಾನು.

ಕೊನೆಗೆ, ನಿಮ್ಮ ಪ್ರಶ್ನೆಯಲ್ಲೇ ಇರುವ ಒಂದು ವ್ಯತ್ಯಾಸ. ನೀವು ಮಾಡಿದ್ದು ಡಿಆಕ್ಟಿವೇಟ್, ಅಣ್ಣ ಮಾಡಿದ್ದು ಡಿಲೀಟ್. ಮೊದಲನೆಯದರಲ್ಲಿ ಮತ್ತೆ ಲಾಗಿನ್ ಆದರೆ ಸಾಕು, ಎಲ್ಲವೂ ಹಾಗೇ ಇರುತ್ತದೆ. ಎರಡನೆಯದರಲ್ಲಿ ಮನಸ್ಸು ಬದಲಿಸಲು 30 ದಿನ ಸಿಗುತ್ತದೆ, ಆಮೇಲೆ ಅಕೌಂಟ್ ವಾಪಸ್ ಬರುವುದಿಲ್ಲ. ವಾರಕ್ಕೇ ಮರಳುವ ನಿಮ್ಮಂಥವರಿಗೆ ತೆರೆದ ಬಾಗಿಲು ಅನುಕೂಲವಲ್ಲ ಎಂದು ನನ್ನ ಅಭಿಪ್ರಾಯ. ಡಿಲೀಟ್ ಒತ್ತುವುದಾದರೆ ಮೊದಲು ಫೋಟೊಗಳನ್ನು ಇಳಿಸಿಕೊಳ್ಳಿ. ಫೇಸ್‌ಬುಕ್ ಮೂಲಕ ಲಾಗಿನ್ ಆಗುತ್ತಿದ್ದ ಬೇರೆ ಆ್ಯಪ್‌ಗಳಿಗೆ ಪ್ರತ್ಯೇಕ ಪಾಸ್‌ವರ್ಡ್ ಮಾಡಿಡಿ. ಫೇಸ್‌ಬುಕ್ ಜೊತೆಗೆ ಮೆಸೆಂಜರ್ ಕೂಡ ಹೋಗುತ್ತದೆ. ಅಲ್ಲಿ ಮಾತ್ರ ಸಿಗುವ ಗೆಳೆಯರಿದ್ದರೆ ಮೊದಲೇ ಅವರ ನಂಬರ್ ಬರೆದುಕೊಳ್ಳಿ.