ಬಿನ್ನಹದಿಂದ ಹಿಂಬರಹದವರೆಗೆ: ಮಲೆನಾಡಿನಲ್ಲಿ ಅರ್ಜಿ ನಡೆದುಬಂದ ದಾರಿ

ನಮ್ಮ ಮನೆಯ ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ಅಜ್ಜ ಬಿಟ್ಟುಹೋದ ಕಾಗದದ ಕಟ್ಟೊಂದಿದೆ. ಮಳೆಗಾಲದ ಶೀತಕ್ಕೆ ಬೂಸಲು ಹಿಡಿಯುತ್ತದೆಂದು ಪ್ರತಿವರ್ಷ ಬೇಸಗೆಯಲ್ಲಿ ಅದನ್ನು ಕೆಳಗಿಳಿಸಿ, ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಹರಡಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲಿಟ್ಟು ಬಿಸಿಲು ಕಾಣಿಸುತ್ತೇವೆ. ಎಲ್ಲಕ್ಕಿಂತ ಮೇಲಿರುವುದು ಅಂಗೈಯಗಲದ ಒಂದು ಚೀಟಿ. ಅದರಲ್ಲಿ ಒಂದು ಸರ್ವೆ ನಂಬರು, ಒಂದು ತಾರೀಖು, ನೇರಳೆ ಬಣ್ಣದ ದುಂಡು ಮೊಹರು ಮತ್ತು ಯಾರದೋ ಗುಮಾಸ್ತರ ಚಿಕ್ಕ ರುಜು ಇವೆ. ಭೂ ನ್ಯಾಯಮಂಡಳಿಗೆ ಅಜ್ಜ ಕೊಟ್ಟ ಡಿಕ್ಲರೇಷನ್ನಿನ ಸ್ವೀಕೃತಿ ಅದು. ಅರ್ಜಿಯ ಮೂಲ ಪ್ರತಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಜ್ಜ ಜೋಪಾನ ಮಾಡಿದ್ದು ತಾನು ಕೇಳಿದ್ದನ್ನಲ್ಲ, ಕೇಳಿದ್ದು ಆ ಕಡೆಯವರಿಗೆ ತಲುಪಿತೆಂಬ ಗುರುತನ್ನು.

ಅರ್ಜಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಾರು ಏನು ಕೇಳಿದರು ಎಂಬುದನ್ನು ಹಿಡಿದು ಹೊರಡುತ್ತಾರೆ. ಆದರೆ ಕೇಳುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಕೇಳಿಸಿಕೊಂಡವನು ಉತ್ತರ ಕೊಡಲೇಬೇಕೆಂಬ ಕಟ್ಟುಪಾಡು ಯಾವಾಗ, ಎಷ್ಟರ ಮಟ್ಟಿಗೆ ಬಂತು ಎಂಬುದೇ ಈ ಚರಿತ್ರೆಯ ತಿರುಳು ಎಂದು ನನಗೆ ಅನ್ನಿಸುತ್ತದೆ. ನಮ್ಮ ಮಲೆನಾಡು ಅದನ್ನು ನೋಡಲು ತಕ್ಕ ಜಾಗ.

ಹಳೆಯ ಕನ್ನಡದಲ್ಲಿ ಇದಕ್ಕಿದ್ದ ಮಾತು ಬಿನ್ನಪ ಅಥವಾ ಬಿನ್ನಹ. ಸಂಸ್ಕೃತದ ವಿಜ್ಞಾಪನೆ ಕನ್ನಡಿಗರ ನಾಲಗೆಯಲ್ಲಿ ಹೀಗೆ ಮೆದುವಾಯಿತು. ಅರ್ಜಿ, ಅಹವಾಲು, ಫಿರ್ಯಾದು, ದರಖಾಸ್ತು ಎಂಬವೆಲ್ಲ ಅರಬ್ಬಿ ಪಾರ್ಸಿಗಳಿಂದ ಆಡಳಿತದ ಕಾಗದಪತ್ರಗಳ ಜೊತೆಗೆ ಬಂದವು. ಇವುಗಳಲ್ಲಿ ದರಖಾಸ್ತು ಎಂಬುದರ ಮೂಲ ಅರ್ಥ ಬೇಡಿಕೆ ಎಂದಷ್ಟೇ ಆದರೂ, ನಮ್ಮಲ್ಲಿ ಅದು ಸರ್ಕಾರಿ ಜಮೀನು ಮಂಜೂರು ಮಾಡಿರೆಂದು ಕೇಳುವ ಅರ್ಜಿಗೇ ಅಂಟಿಕೊಂಡಿತು. ಕೇಳಿ ಪಡೆದದ್ದು ದರಖಾಸ್ತು ಜಮೀನು, ಹುಕುಂ ಇಲ್ಲದೆ ಉತ್ತದ್ದು ಬಗರ್‌ಹುಕುಂ ಜಮೀನು. ಮಲೆನಾಡಿನ ರೈತನ ಬದುಕಿನ ಅರ್ಧ ತಕರಾರು ಈ ಎರಡು ಮಾತುಗಳ ನಡುವೆಯೇ ಇದೆ.

ಶಿಕಾರಿಪುರ, ಸೊರಬ, ಸಾಗರ ಸೀಮೆಗಳಲ್ಲಿ ಕಲ್ಲಿಗೆ ಕಲ್ಲು ಮಾತಾಡುವಷ್ಟು ಶಾಸನಗಳಿವೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಏಳು ಮತ್ತು ಎಂಟನೆಯ ಸಂಪುಟಗಳನ್ನು ಶಿವಮೊಗ್ಗ ಜಿಲ್ಲೆಗೇ ಮೀಸಲಿಟ್ಟರು. ಇಂಥ ದಾನಶಾಸನಗಳಲ್ಲಿ ಒಬ್ಬ ಅಧಿಕಾರಿಯೋ ಆಚಾರ್ಯನೋ ಅರಸನಿಗೆ ಬಿನ್ನಪಂಗೆಯ್ಯುವುದು, ಅರಸ ಧಾರಾಪೂರ್ವಕವಾಗಿ ಭೂಮಿ ಕೊಡುವುದು ಮತ್ತೆ ಮತ್ತೆ ಬರುವ ಕ್ರಮ. ಆದರೆ ಇಲ್ಲೊಂದನ್ನು ಗಮನಿಸಬೇಕು. ಕಲ್ಲಿಗೆ ಏರಿದ್ದು ಈಡೇರಿದ ಬಿನ್ನಹ ಮಾತ್ರ. ಅರಮನೆಯ ಬಾಗಿಲಲ್ಲೇ ಕಾದು ಹಿಂದಿರುಗಿದವರ ಮಾತನ್ನು ಯಾವ ಕಲ್ಲೂ ಹೊತ್ತಿಲ್ಲ.

ದಾನಕ್ಕಲ್ಲದೆ ನ್ಯಾಯಕ್ಕಾಗಿ ಮಾಡಿದ ಬಿನ್ನಹವೊಂದು ಕಲ್ಲಿನ ಮೇಲೆ ಉಳಿದಿರುವುದು ಶ್ರವಣಬೆಳಗೊಳದಲ್ಲಿ. ಅದು 1368ರ ಶಾಸನ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದ ಬಂದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮುಂತಾದ ಕಡೆಗಳ ಜೈನರು ಒಟ್ಟಾಗಿ, ತಮಗೆ ಆಗುತ್ತಿರುವ ಅನ್ಯಾಯಗಳನ್ನು ವಿಜಯನಗರದ ಬುಕ್ಕರಾಯನಿಗೆ "ಬಿನ್ನಹಂ ಮಾಡಲಾಗಿ", ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ತೀರ್ಪು ಕೊಟ್ಟ. ಹಲವು ಊರುಗಳ ಜನ ಸೇರಿ ಒಂದೇ ದೂರು ಕೊಟ್ಟರು ಎಂಬುದೂ, ತೀರ್ಪನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಬರೆಸಲಾಯಿತು ಎಂಬುದೂ ಈ ಶಾಸನದ ಹೆಚ್ಚಳ. ಆದರೂ ಉತ್ತರ ಕೊಟ್ಟದ್ದು ಅರಸನ ದೊಡ್ಡತನವೇ ಹೊರತು ಅವನ ಹೊಣೆಯಾಗಿರಲಿಲ್ಲ. ಅರಸನಿಗೆ ಅರ್ಜಿ ಸಲ್ಲಿಸುವುದು ಪ್ರಜೆಯ ಹಕ್ಕು, ಅದಕ್ಕಾಗಿ ಯಾರನ್ನೂ ಸೆರೆಗೆ ಹಾಕುವಂತಿಲ್ಲ ಎಂಬ ಮಾತು ಕಾನೂನಾಗಿ ಬರೆಯಲ್ಪಟ್ಟದ್ದು ಇಂಗ್ಲೆಂಡಿನಲ್ಲಿ, 1689ರ ಹಕ್ಕುಗಳ ಮಸೂದೆಯಲ್ಲಿ. ಅಲ್ಲಿಯೂ ಸಿಕ್ಕಿದ್ದು ಕೇಳುವ ಹಕ್ಕು. ಮತದಾನದ ಹಕ್ಕು ಬೇಕೆಂದು 1842ರಲ್ಲಿ ಚಾರ್ಟಿಸ್ಟರೆಂಬ ಕಾರ್ಮಿಕ ಚಳವಳಿಯವರು 33 ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಹೊತ್ತು ತಂದಾಗ ಪಾರ್ಲಿಮೆಂಟು ಅದನ್ನು ಕೈಗೆತ್ತಿಕೊಳ್ಳಲೂ ಒಪ್ಪಲಿಲ್ಲ.

ಉತ್ತರ ಬಾರದಿದ್ದಾಗ ಏನಾಗುತ್ತದೆ ಎಂಬುದನ್ನು ನಗರ ಸೀಮೆ ಅದಕ್ಕೂ ಹನ್ನೆರಡು ವರ್ಷ ಮೊದಲೇ ತೋರಿಸಿತ್ತು. ಇಂದು ಹೊಸನಗರ ತಾಲ್ಲೂಕಿನಲ್ಲಿ ಸಣ್ಣ ಊರಾಗಿ ಉಳಿದಿರುವ ನಗರ, ಅಂದರೆ ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿತ್ತು. 1763ರಲ್ಲಿ ಹೈದರಾಲಿಯ ವಶವಾಯಿತು. ಮುಂದೆ ಮೈಸೂರು ಒಡೆಯರ ಕಾಲದಲ್ಲಿ ಒಂದು ದೊಡ್ಡ ಫೌಜುದಾರಿಯ, ಅಂದರೆ ಆಡಳಿತ ವಿಭಾಗದ, ಹೆಸರಾಯಿತು. ಶಿವಪ್ಪನಾಯಕನ ಶಿಸ್ತು ಎಂಬ ಕಂದಾಯದ ಕ್ರಮವನ್ನು ಕಂಡಿದ್ದ ಸೀಮೆಯಿದು. ಇಷ್ಟು ನೆಲಕ್ಕೆ ಇಷ್ಟೇ ತೆರಿಗೆ ಎಂಬ ನಿಶ್ಚಯದ ರುಚಿ ಇಲ್ಲಿನ ರೈತನಿಗೆ ಗೊತ್ತಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ, ಇಂತಿಷ್ಟು ಹಣ ವಸೂಲಿ ಮಾಡಿಕೊಡುತ್ತೇನೆಂದು ತಾಲ್ಲೂಕಿನ ಕಂದಾಯ ಅಧಿಕಾರಿಗಳಾದ ಅಮಲ್ದಾರರಿಂದ ಷರತ್ತು ಬರೆಸಿಕೊಳ್ಳುವ ಪದ್ಧತಿ ಬಂತು. ಷರತ್ತು ತುಂಬಿಸುವ ಅವಸರದಲ್ಲಿದ್ದ ಅಮಲ್ದಾರನ ಮುಂದೆಯೇ ಅಮಲ್ದಾರನ ಮೇಲಿನ ದೂರನ್ನು ಹೇಳಿಕೊಳ್ಳಬೇಕಾದ ಸ್ಥಿತಿ ರೈತರದ್ದಾಯಿತು. ಹಿಂದೆ ಮನ್ನಾ ಆಗಿದ್ದ ಬಾಕಿಗಳನ್ನೂ ಮತ್ತೆ ಕೆದಕಿದಾಗ ಅವರ ಸಹನೆ ಮುಗಿಯಿತು. 1830ರಲ್ಲಿ ಊರೂರಿಗೆ ಓಲೆ ಕಳಿಸಿ ಜನ ಕೂಟ ಸೇರಿದರು; ಕಂದಾಯ ಕೊಡುವುದನ್ನು ನಿಲ್ಲಿಸಿದರು. ಕೆಳದಿ ಮನೆತನದ ಹಕ್ಕುದಾರ ತಾನೆಂದು ಹೇಳಿಕೊಂಡ ಬೂದಿ ಬಸವಪ್ಪನಾಯಕ ಮುಂದಾಳಾದ. ದಂಡು ಬಂತು, ಊರುಗಳು ಸುಟ್ಟವು, ಜೀವಗಳು ಹೋದವು. 1831ರ ಅಕ್ಟೋಬರ್‌ನಲ್ಲಿ ಬ್ರಿಟಿಷರು ಇದನ್ನೇ ಕಾರಣವಾಗಿಟ್ಟುಕೊಂಡು ಇಡೀ ಮೈಸೂರಿನ ಆಡಳಿತವನ್ನು ಅರಸರ ಕೈಯಿಂದ ಕಿತ್ತುಕೊಂಡರು.

ಇಲ್ಲಿಂದ ಮುಂದಿನದು ಚರಿತ್ರೆಯ ಒಂದು ವಿಚಿತ್ರ ಘಟ್ಟ. ಯಾರ ಆಡಳಿತದಲ್ಲಿ ರೈತರ ಅಹವಾಲಿಗೆ ಉತ್ತರ ಸಿಗಲಿಲ್ಲವೋ ಅದೇ ಅರಸರು ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ತಾವೇ ಅರ್ಜಿದಾರರಾದರು. ತಮ್ಮ ರಾಜ್ಯ ತಮಗೆ ಮರಳಬೇಕೆಂದು ಒಬ್ಬರಾದ ಮೇಲೊಬ್ಬರಂತೆ ಗವರ್ನರ್ ಜನರಲ್‌ಗಳಿಗೆ ಬರೆದರು. 1861ರ ಫೆಬ್ರವರಿಯಲ್ಲಿ ಕ್ಯಾನಿಂಗ್‌ಗೆ ಬರೆದ ದೀರ್ಘ ಪತ್ರವೂ ಫಲಿಸಲಿಲ್ಲ. ಲಂಡನ್ನಿನ ಪಾರ್ಲಿಮೆಂಟಿನವರೆಗೂ ಮೈಸೂರಿನ ಪರವಾಗಿ ಅರ್ಜಿ ಹೋಯಿತು. ಕೊನೆಗೆ 1867ರಲ್ಲಿ, ದತ್ತುಪುತ್ರ ಪ್ರಾಪ್ತವಯಸ್ಕನಾದ ಮೇಲೆ ರಾಜ್ಯ ಒಪ್ಪಿಸುವುದೆಂದು ಬ್ರಿಟಿಷ್ ಸರ್ಕಾರ ಒಪ್ಪಿತು. ಮರುವರ್ಷ ಮುಮ್ಮಡಿಯವರು ತೀರಿಕೊಂಡರು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಬಂತು.

ಅದೇ ವರ್ಷದ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಬಂದ ಪ್ರತಿನಿಧಿಗಳು 144. ಅವರಲ್ಲಿ ಹೆಚ್ಚಿನವರು ಜಮೀನುದಾರರು, ವರ್ತಕರು. ಗೇಣಿದಾರನಿಗೆ, ಕೂಲಿಯವನಿಗೆ, ಹೆಂಗಸರಿಗೆ ಅಲ್ಲಿ ಜಾಗವಿರಲಿಲ್ಲ. ಮತ ಹಾಕಿ ಏನನ್ನೂ ತೀರ್ಮಾನಿಸುವ ಅಧಿಕಾರವೂ ಆ ಸಭೆಗಿರಲಿಲ್ಲ. ಆದರೂ ಇದನ್ನು ಸಣ್ಣದೆಂದು ನಾನು ಎಣಿಸಲಾರೆ. ದಸರೆಯ ಹೊತ್ತಿಗೆ ತಾಲ್ಲೂಕಿನ ಅಹವಾಲನ್ನು ಹಿಡಿದು ಎದ್ದು ನಿಂತವನ ಮುಂದೆ ದಿವಾನರೇ ಕೂತಿರುತ್ತಿದ್ದರು. ಕೇಳಿದ ಮಾತೂ ಕೊಟ್ಟ ಉತ್ತರವೂ ಎರಡೂ ಸಭೆಯ ನಡವಳಿಯಾಗಿ ಅಚ್ಚಾಗುತ್ತಿದ್ದವು. ಕಳೆದ ವರ್ಷ ಪರಿಶೀಲಿಸುತ್ತೇವೆ ಎಂದಿರಿ, ಏನಾಯಿತು ಎಂದು ಮರುವರ್ಷ ಕೇಳುವುದಕ್ಕೆ ಅಚ್ಚಾದ ಪುಟವೊಂದು ಸಾಕ್ಷಿಯಾಯಿತು. 1923ರ ಕಾಯಿದೆಯಿಂದ ಆ ಸಭೆಗೆ ಶಾಸನಬದ್ಧ ಸ್ಥಾನವೂ ಸಿಕ್ಕಿತು.

ಆ ಸಭೆಯಲ್ಲಿ ಜಾಗವಿಲ್ಲದಿದ್ದ ಗೇಣಿದಾರನ ಸರದಿ ಬಂದದ್ದು ಸ್ವಾತಂತ್ರ್ಯದ ಬಳಿಕ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಶುರುವಾದ ಸತ್ಯಾಗ್ರಹದ ಮೂಲದಲ್ಲಿದ್ದದ್ದು ಕೊಳಗದ ಅಳತೆ: ಗೇಣಿ ಭತ್ತವನ್ನು ಜಮೀನಿನ ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಎಚ್. ಗಣಪತಿಯಪ್ಪನವರು ಸಂಘಟಿಸಿದ, ಶಾಂತವೇರಿ ಗೋಪಾಲಗೌಡರು ಮುನ್ನಡೆಸಿದ, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಆ ಹೋರಾಟಕ್ಕೆ ಪೂರ್ಣ ಉತ್ತರ ಸಿಗಲು 23 ವರ್ಷ ಹಿಡಿಯಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಹಕ್ಕು ಕೇಳಬೇಕಾಯಿತು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಜಿಗೆ ಕೊನೆಯ ದಿನ 1979ರ ಜೂನ್ 30.

ನಮ್ಮಜ್ಜ ಹೆಬ್ಬೆಟ್ಟು ಒತ್ತಿದ್ದು ಆ ಕಾಲದಲ್ಲಿ. ಗೇಣಿ ಬಾಯಿಮಾತಿನದು, ಕರಾರುಪತ್ರವಿಲ್ಲ, ಸರ್ವೆ ನಂಬರು ಗೊತ್ತಿಲ್ಲ. ಗದ್ದೆಗೆ ಅವನಿಟ್ಟಿದ್ದ ಹೆಸರು ಹಲಸಿನಮಕ್ಕಿ. ಒಡೆಯರ ಮುಖ ನೋಡಿ ಅರ್ಜಿಯನ್ನೇ ಕೊಡದೆ ಬಿಟ್ಟ ಮನೆಗಳು ನಮ್ಮೂರಿನಲ್ಲೇ ಎರಡಿವೆ. ನ್ಯಾಯಮಂಡಳಿಯ ಮುಂದೆ ವಕೀಲರು ಬರಬಾರದೆಂದು ಕಾಯಿದೆಯಲ್ಲಿದ್ದ ನಿಯಮವನ್ನು 1987ರಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿತು. ಆದರೆ ಅಜ್ಜನ ವಿಚಾರಣೆ ಅದಕ್ಕಿಂತ ಮೊದಲಿನದು. ಅವನು ತಾನೇ ನಿಂತು, ಯಾವ ಬದುವಿನಿಂದ ಯಾವ ಬದುವಿನವರೆಗೆ ಎಷ್ಟು ವರ್ಷದಿಂದ ನಾಟಿ ಮಾಡಿದ್ದೇನೆಂದು ಹೇಳಿದ. ಪಕ್ಕದ ಗದ್ದೆಯವರು ಸಾಕ್ಷಿ ನುಡಿದರು. ಟ್ರಂಕಿನ ಎರಡನೆಯ ಕಾಗದ, ಅಂದರೆ ಅಧಿಭೋಗದ ಹಕ್ಕಿನ ನಮೂನೆ 10, ಹಾಗೆ ಬಂದದ್ದು.

ನಮೂನೆಗಳ ಸಾಲು ಅಲ್ಲಿಗೆ ನಿಲ್ಲಲಿಲ್ಲ. ಬಗರ್‌ಹುಕುಂ ಸಕ್ರಮಕ್ಕೆ 1991ರಲ್ಲಿ ನಮೂನೆ 50, ತೊಂಬತ್ತರ ದಶಕದ ಕೊನೆಗೆ ನಮೂನೆ 53, 2018ರಲ್ಲಿ ನಮೂನೆ 57. ಹೊಸ ನಮೂನೆ ಬಂದಾಗಲೆಲ್ಲ ಹಳೆಯದಕ್ಕೆ ಉತ್ತರ ಸಿಗದವರೂ ಮತ್ತೆ ಸಾಲಿನಲ್ಲಿ ನಿಂತರು. ಅರಣ್ಯ ಹಕ್ಕು ಕಾಯಿದೆ 2006ರಲ್ಲಿ ಬಂದಾಗ ಇನ್ನೊಂದು ನಮೂನೆ ಸೇರಿತು. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲಿನ 75 ವರ್ಷಗಳ ವಾಸವನ್ನು ತೋರಿಸಬೇಕು. 1930ರ ಕಾಗದ ಮಲೆನಾಡಿನ ಸೋಗೆ ಮನೆಯಲ್ಲಿ ಎಲ್ಲಿಂದ ಬರಬೇಕು? ನಿಯಮದಲ್ಲಿ ಹಿರಿಯರ ಹೇಳಿಕೆಯೂ ಸಾಕ್ಷ್ಯವೇ. ಆದರೂ ಅನೇಕ ಅರ್ಜಿಗಳು ದಾಖಲೆಯಿಲ್ಲವೆಂದೇ ತಿರಸ್ಕೃತವಾದವು. ಈ ಕಾಯಿದೆಯ ವಿರುದ್ಧವೇ 2008ರಲ್ಲಿ ಸಲ್ಲಿಕೆಯಾಗಿದ್ದ ರಿಟ್ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2019ರ ಫೆಬ್ರವರಿ 13ರಂದು, ತಿರಸ್ಕೃತರಾದವರನ್ನು ತೆರವುಗೊಳಿಸಬೇಕೆಂದು ಹೇಳಿ, ಎರಡು ವಾರಗಳಲ್ಲೇ ಆ ಆದೇಶವನ್ನು ತಡೆಹಿಡಿಯಿತು. ಒಂದು ಅರ್ಜಿಯ ಎದುರಿಗೆ ಲಕ್ಷಾಂತರ ಅರ್ಜಿಗಳು ನಿಂತ ಸಂದರ್ಭವದು.

ರಿಟ್ ಅರ್ಜಿ ಜನರ ಕೈಗೂ ಬಲ ಕೊಟ್ಟಿದೆ. ಶಿವಮೊಗ್ಗವೂ ಸೇರಿದಂತೆ ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯನ್ನು ನೀಲಗಿರಿ ನೆಡಲು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಕೊಡಹೊರಟಾಗ, 1986ರಲ್ಲಿ ಶಿವರಾಮ ಕಾರಂತರು ಮತ್ತು ಜೊತೆಯವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಹಳ್ಳಿಗಳಲ್ಲಿ ಸಹಿ ಸಂಗ್ರಹವೂ ನಡೆಯಿತು, ನೀಲಗಿರಿ ಸಸಿಗಳನ್ನು ಕಿತ್ತು ಹಣ್ಣಿನ ಗಿಡ ನೆಡುವ ಸತ್ಯಾಗ್ರಹವೂ ನಡೆಯಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಕಾಗದ ಮತ್ತು ಕೂಟ ಒಂದನ್ನೊಂದು ಬಿಡದೆ ನಡೆದಾಗಲೇ ದೊಡ್ಡ ಉತ್ತರಗಳು ಬಂದಿವೆ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಕರೂರು, ಬಾರಂಗಿ ಹೋಬಳಿಗಳ ಜನ ಶರಾವತಿ ಹಿನ್ನೀರಿನ ಆಚೆ ಉಳಿದರು. ಸಾಗರದ ಆಸ್ಪತ್ರೆಗೆ, ಕಚೇರಿಗೆ ಬರಲು ಲಾಂಚ್ ಕಾಯಬೇಕಾಯಿತು. ಹೊತ್ತು ಮುಳುಗಿದ ಮೇಲೆ ಹೆರಿಗೆ ನೋವು ಬಂದರೆ ದೇವರೇ ಗತಿ ಎನ್ನುವಂತಾಯಿತು. ಸೇತುವೆ ಬೇಕೆಂಬ ಮನವಿ ತಲೆಮಾರುಗಳನ್ನು ದಾಟಿತು. ಅಂಬಾರಗೋಡ್ಲು ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಮೊದಲ ಮನವಿಗಳಿಗೆ ಸಹಿ ಹಾಕಿದವರಲ್ಲಿ ಎಷ್ಟು ಜನ ಅದರ ಮೇಲೆ ನಡೆದರು ಎಂಬ ಪ್ರಶ್ನೆ ಆ ದಿನ ನನ್ನನ್ನು ಬಹಳ ಹೊತ್ತು ಕಾಡಿತು.

ಇಂದು ಉತ್ತರದ ಹೊಣೆಗೆ ಕಾನೂನಿನ ಆಸರೆಯಿದೆ. ಸಂವಿಧಾನದ 350ನೆಯ ವಿಧಿಯಂತೆ ಯಾರೇ ಆಗಲಿ ತಮ್ಮ ಕುಂದುಕೊರತೆಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗಾದರೂ ಬರೆದುಕೊಳ್ಳಬಹುದು. ದಿಲ್ಲಿಗೂ ಕನ್ನಡದಲ್ಲೇ ಬರೆಯಬಹುದು ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿಯದು. ಮಾಹಿತಿ ಹಕ್ಕು 30 ದಿನಗಳ ಗಡುವು ತಂದಿತು. 2011ರ ಸಕಾಲ ಕಾಯಿದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಕೊಡಬೇಕೆಂದಾಯಿತು. ಮೊತ್ತ ಅಲ್ಪವಾದರೂ, ತಡ ಮಾಡಿದವನು ತೆರಬೇಕು ಎಂಬ ಮಾತು ದೊಡ್ಡದು. ಆದರೆ ಸಕಾಲದ ಪಟ್ಟಿಯಲ್ಲಿರುವ ಸೇವೆಗಳಿಗಷ್ಟೇ ಅದು ಅನ್ವಯ.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಅಜ್ಜಿಯ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಹೊರಗಿನ ಜಗಲಿಯಲ್ಲಿ ಅರ್ಜಿ ಬರೆಯುವವರು ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೂತು, "ಇವರಿಗೆ", "ಇಂದ", "ಮಾನ್ಯರೇ" ಎಂದು ಒಂದೇ ಹದದ ಅಕ್ಷರದಲ್ಲಿ ಬರೆಯುತ್ತಿದ್ದರು. ಅಜ್ಜಿಯ ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾಗಿ ಎಷ್ಟು ಕಾಲವಾಗಿತ್ತೋ, ಆಕೆಗೆ ಯಾರೂ ತಿಳಿಸಿರಲಿಲ್ಲ. ತಿರಸ್ಕರಿಸಿದ್ದನ್ನು ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕೆಂದೂ, ಮೇಲ್ಮನವಿಗೆ 60 ದಿನಗಳ ಅವಕಾಶವಿದೆಯೆಂದೂ ನಿಯಮವಿದೆ. ಅದನ್ನೇ ಬರೆದು, ಕಾರಣ ಸಹಿತ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೊಡಿರೆಂದು ಕೇಳಿದೆವು. ಗುಮಾಸ್ತರು ಅರ್ಜಿಯನ್ನು ತೆಗೆದುಕೊಂಡು, ಉತ್ತರ ಅಂಚೆಯಲ್ಲಿ ಬರುತ್ತದೆ, ಹೋಗಿ ಎಂದರು. ಅಜ್ಜಿ ಕಿಟಕಿ ಬಿಟ್ಟು ಕದಲಲಿಲ್ಲ. ಸೆರಗಿನೊಳಗೆ ಮಡಿಸಿಟ್ಟಿದ್ದ ಎರಡನೆಯ ಪ್ರತಿಯನ್ನು ಬಿಡಿಸಿ, ಕಿಟಕಿಯ ಸರಳಿನ ನಡುವೆ ಒಳಗೆ ಚಾಚಿ, "ಇದಕ್ಕೊಂದು ಸೀಲು ಹಾಕಿಕೊಡು ತಮ್ಮಾ" ಎಂದರು.