ತಕ್ಕಡಿಯಲ್ಲಿ ಇಂಡೋ-ಗ್ರೀಕ್ ನಾಣ್ಯಗಳು

ಗ್ರೀಕ್ ಸಂಸ್ಕೃತಿ ಪೂರ್ವಕ್ಕೆ ಹರಡಿದ ಕಥೆಯನ್ನು ಅಲೆಕ್ಸಾಂಡರನ ದಂಡಯಾತ್ರೆಯಿಂದ ಆರಂಭಿಸಿ ಅವನ ಸಾವಿನೊಂದಿಗೆ ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಅವನು ತೀರಿಕೊಂಡದ್ದು ಕ್ರಿ.ಪೂ. 323ರಲ್ಲಿ. ಆದರೆ ಇಂದಿನ ಉತ್ತರ ಆಫ್ಘಾನಿಸ್ತಾನದ ಸುತ್ತಲಿನ ಬ್ಯಾಕ್ಟ್ರಿಯಾ, ಅಲೆಕ್ಸಾಂಡರನ ಸೇನಾನಿ ಸೆಲ್ಯೂಕಸನ ವಂಶದ ಹಿಡಿತದಿಂದ ಬಿಡಿಸಿಕೊಂಡು ಸ್ವತಂತ್ರ ಗ್ರೀಕ್ ರಾಜ್ಯವಾದದ್ದು ಕ್ರಿ.ಪೂ. ಮೂರನೆಯ ಶತಮಾನದ ನಡುಭಾಗದಲ್ಲಿ, ಅಲ್ಲಿನ ರಾಜ್ಯಪಾಲನಾಗಿದ್ದ ಡಿಯೊಡೋಟಸನ ಕಾಲಕ್ಕೆ. ಅಲ್ಲಿಂದ ಮುಂದೆ ಹಿಂದೂಕುಶ್ ಪರ್ವತದ ಎರಡೂ ಮಗ್ಗುಲುಗಳಲ್ಲಿ ಆಳಿದ ಗ್ರೀಕ್ ರಾಜರ ಪೈಕಿ ಬಹುಪಾಲು ಜನರ ಹೆಸರು ನಮಗೆ ತಿಳಿದಿರುವುದು ಅವರು ಟಂಕಿಸಿದ ನಾಣ್ಯಗಳಿಂದ ಮಾತ್ರ. ಆದ್ದರಿಂದ ಈ ಇತಿಹಾಸವನ್ನು ನಾಣ್ಯಶಾಸ್ತ್ರದವರು ಬರೆಯುವಷ್ಟು ಧೈರ್ಯವಾಗಿ ಬೇರೆಯವರು ಬರೆಯಲಾರರು.

ಇಂಥ ನಾಣ್ಯವೊಂದು ಪರಿಶೀಲನೆಗೆ ಬಂದಾಗ ಕಣ್ಣು ಸಹಜವಾಗಿಯೇ ರಾಜನ ಸುಂದರ ಮುಖದತ್ತ ಹೋಗುತ್ತದೆ. ವೃತ್ತಿಯಲ್ಲಿರುವವರು ಮೊದಲು ತೂಗುತ್ತಾರೆ. ನಕಲಿಗಳು ಬಹಳ ಇರುವುದರಿಂದ ತೂಕ ಹೇಗೂ ಬೇಕು, ಆದರೆ ಅದು ಹೇಳುವ ಸಂಗತಿ ಅಷ್ಟಕ್ಕೇ ನಿಲ್ಲುವುದಿಲ್ಲ. ಅಥೆನ್ಸಿನ ತೂಕದ ಮಾನವನ್ನು ಅನುಸರಿಸಿದ ನಾಲ್ಕು ದ್ರಾಕ್ಮದ (ದ್ರಾಕ್ಮ ಗ್ರೀಕರ ಮೂಲ ನಾಣ್ಯ) ಬೆಳ್ಳಿ ನಾಣ್ಯ ಸುಮಾರು 17 ಗ್ರಾಂ ತೂಗುತ್ತದೆ, ಒಂದು ದ್ರಾಕ್ಮ ನಾಲ್ಕು ಗ್ರಾಮಿಗಿಂತ ತುಸು ಹೆಚ್ಚು. ಹಿಂದೂಕುಶ್ ದಾಟಿ ದಕ್ಷಿಣಕ್ಕೆ ಇಳಿದ, ಇಂಡೋ-ಗ್ರೀಕರೆಂದು ಕರೆಯಲಾಗುವ ರಾಜರ ದ್ರಾಕ್ಮವಾದರೋ ಸುಮಾರು ಎರಡೂವರೆ ಗ್ರಾಂ ಮಾತ್ರ. ಅವರಲ್ಲೊಬ್ಬನಾದ ಮೊದಲನೆಯ ಅಪೊಲೊಡೋಟಸ್ ತನ್ನ ಬೆಳ್ಳಿ ನಾಣ್ಯವನ್ನು ಚೌಕಾಕಾರದಲ್ಲಿಯೂ ಅಚ್ಚು ಹಾಕಿಸಿದನು. ಅದರ ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಡುಬ್ಬದ ಗೂಳಿ, ರಾಜನ ಮುಖವಿಲ್ಲ. ಗಾಂಧಾರದ ಪೇಟೆಯಲ್ಲಿ ಜನ ಬಹುಕಾಲದಿಂದ ಮುದ್ರೆಯೊತ್ತಿದ ಬೆಳ್ಳಿ ತುಂಡುಗಳನ್ನು ಎಣಿಸಿ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಅಂಥಲ್ಲಿ ಹೊರಗಿನಿಂದ ಬಂದ ಅರಸನಾದರೂ ವ್ಯಾಪಾರಿಯ ತಕ್ಕಡಿಗೆ ಹೊಂದಿಕೊಳ್ಳಲೇಬೇಕಿತ್ತು.

ಈ ಹೊಂದಾಣಿಕೆಯನ್ನು ಗ್ರೀಕರು ತಮ್ಮತನ ಕಳೆದುಕೊಂಡದ್ದರ ಗುರುತೆಂದು ಓದುವುದು ಸರಿಯಲ್ಲ. ಉತ್ತರ ಆಫ್ಘಾನಿಸ್ತಾನದ ಕುಂದೂಜ್ ಬಳಿ 1946ರಲ್ಲಿ ದೊರೆತ, 600ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳಿದ್ದ ನಿಧಿಯಲ್ಲಿ, ದಕ್ಷಿಣದಲ್ಲಿ ಆಳುತ್ತಿದ್ದ ಆಂಟಿಯಾಲ್ಕಿಡಸ್, ಅಮಿಂಟಸ್ ಮೊದಲಾದವರ ನಾಣ್ಯಗಳೂ ಇವೆ. ಅವು ಅಥೆನ್ಸಿನ ತೂಕದವು ಮತ್ತು ಅವುಗಳ ಮೇಲಿನ ಬರಹ ಗ್ರೀಕಿನಲ್ಲಿ ಮಾತ್ರ ಇದೆ. ತಕ್ಷಶಿಲೆಯ ಕಡೆಗೆ ಗ್ರೀಕ್ ಮತ್ತು ಭಾರತೀಯ ಎಂಬ ಎರಡು ಲಿಪಿಗಳ ಹಗುರ ನಾಣ್ಯ, ಪರ್ವತದಾಚೆಗೆ ಒಂದೇ ಲಿಪಿಯ ಭಾರದ ನಾಣ್ಯ: ಒಬ್ಬನೇ ರಾಜ ಎರಡು ಮಾರುಕಟ್ಟೆಗಳಿಗೆ ಎರಡು ರೀತಿಯಾಗಿ ಕಾಣಿಸಿಕೊಳ್ಳುತ್ತಿದ್ದನು.

ಅಮುದರ್ಯಾ ಮತ್ತು ಕೊಕ್ಚಾ ನದಿಗಳ ಸಂಗಮದಲ್ಲಿರುವ ಆಯ್ ಖಾನುಮ್ ನಗರವನ್ನು ಫ್ರೆಂಚ್ ಪುರಾತತ್ತ್ವಜ್ಞರು 1960ರ ದಶಕದಿಂದ 1978ರವರೆಗೆ ಅಗೆದರು. ರಂಗಮಂದಿರ, ವ್ಯಾಯಾಮಶಾಲೆ, ಡೆಲ್ಫಿಯಿಂದ ನಕಲು ಮಾಡಿಕೊಂಡು ತಂದ ನೀತಿವಾಕ್ಯಗಳ ಶಾಸನ, ಎಲ್ಲವೂ ಅಲ್ಲಿ ದೊರೆತವು. ಮುಖ್ಯ ದೇವಾಲಯದ ಕಟ್ಟಡ ಮಾತ್ರ ಮೆಸೊಪೊಟೇಮಿಯದ ಮಾದರಿಯದು. ಇದೇ ನಗರದಲ್ಲಿ 1970ರಲ್ಲಿ ಅಗಾಥೊಕ್ಲಿಸನ ಆರು ಚೌಕ ಬೆಳ್ಳಿ ನಾಣ್ಯಗಳು ಸಿಕ್ಕಿದವು. ಒಂದು ಬದಿಯಲ್ಲಿ ಗ್ರೀಕ್ ಬರಹದ ಜೊತೆ ನೇಗಿಲು, ಮುಸಲಗಳನ್ನು ಹಿಡಿದ ಸಂಕರ್ಷಣ, ಅಂದರೆ ಬಲರಾಮ. ಇನ್ನೊಂದರಲ್ಲಿ ಬ್ರಾಹ್ಮಿ ಬರಹದ ಜೊತೆ ಚಕ್ರ ಹಿಡಿದ ವಾಸುದೇವ. ಕ್ರಿ.ಪೂ. ಎರಡನೆಯ ಶತಮಾನದ ಆರಂಭದ ಈ ನಾಣ್ಯಗಳು ಆ ಇಬ್ಬರನ್ನೂ ತೋರಿಸುವ ಅತ್ಯಂತ ಹಳೆಯ ಚಿತ್ರಗಳ ಸಾಲಿಗೆ ಸೇರಿದವು ಮತ್ತು ಅವನ್ನು ಹೊರಡಿಸಿದವನು ಗ್ರೀಕ್ ಅರಸ ಎಂಬುದು ಮರೆಯಬಾರದ ಮಾತು.

ಅಗಾಥೊಕ್ಲಿಸನ ನಂತರ ಬ್ರಾಹ್ಮಿಯ ಸ್ಥಾನವನ್ನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಪಡೆದುಕೊಂಡಿತು; ಇಂಡೋ-ಗ್ರೀಕ್ ರಾಜ ಮಿನಾಂಡರನ ಅಸಂಖ್ಯ ನಾಣ್ಯಗಳ ಹಿಂಬದಿಯಲ್ಲಿರುವುದು ಅದೇ. ಆ ಲಿಪಿಯ ಮಾದರಿಯನ್ನು ನೋಡಲು ಕನ್ನಡಿಗರು ದೂರ ಹೋಗಬೇಕಿಲ್ಲ: ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಖರೋಷ್ಠಿಯಲ್ಲಿಯೇ ಕೆತ್ತಿದ್ದಾನೆ.

ಕುಂದೂಜ್ ನಿಧಿಯ ಆಂಟಿಯಾಲ್ಕಿಡಸನ ರಾಯಭಾರಿಯಾಗಿ ತಕ್ಷಶಿಲೆಯಿಂದ ಬಂದ ಹೆಲಿಯೊಡೋರಸನು ವಿದಿಶೆಯ ಬಳಿಯ ಬೆಸನಗರದಲ್ಲಿ ವಾಸುದೇವನಿಗೆ ಗರುಡಸ್ತಂಭ ನಿಲ್ಲಿಸಿ, ಶಾಸನವನ್ನು ಬ್ರಾಹ್ಮಿ ಲಿಪಿಯ ಪ್ರಾಕೃತದಲ್ಲಿ ಬರೆಸಿದನು. ಗ್ರೀಕನೊಬ್ಬನ ಈ ಶಾಸನದಲ್ಲಿ ಗ್ರೀಕ್ ಅಕ್ಷರ ಒಂದೂ ಇಲ್ಲ. ಆದರೆ ಗ್ರೀಕ್ ಅಕ್ಷರಗಳ ಬಾಳು ಗ್ರೀಕರ ಆಳ್ವಿಕೆಗಿಂತ ದೀರ್ಘವಾಯಿತು. ಕುಷಾಣರ ಕನಿಷ್ಕನು ನಾಣ್ಯದಿಂದ ಗ್ರೀಕ್ ಭಾಷೆಯನ್ನು ತೆಗೆದನು, ಆದರೆ ತನ್ನ ಬ್ಯಾಕ್ಟ್ರಿಯನ್ ಭಾಷೆಯನ್ನು ಅದೇ ಅಕ್ಷರಗಳಲ್ಲಿ ಬರೆಸಿದನು. ಪಶ್ಚಿಮ ಭಾರತದ ಕ್ಷತ್ರಪ (ಶಕ ಅರಸ) ನಹಪಾನನ ನಾಣ್ಯದ ಮುಂಬದಿಯಲ್ಲಿ ಅವನ ಮುಖದ ಸುತ್ತ ಗ್ರೀಕ್ ಅಕ್ಷರಗಳಲ್ಲಿರುವುದು ಪ್ರಾಕೃತ ಬರಹ.

ನಾಸಿಕದ ಸಮೀಪದ ಜೋಗಲ್‌ತೆಂಭಿಯಲ್ಲಿ 1906ರಲ್ಲಿ ದೊರೆತ ನಿಧಿಯಲ್ಲಿ ನಹಪಾನನ 13,000ಕ್ಕೂ ಹೆಚ್ಚು ನಾಣ್ಯಗಳಿದ್ದವು. ಅವುಗಳಲ್ಲಿ 9,000ಕ್ಕೂ ಹೆಚ್ಚು ನಾಣ್ಯಗಳ ಮೇಲೆ ಅವನನ್ನು ಸೋಲಿಸಿದ ಗೌತಮೀಪುತ್ರ ಶಾತಕರ್ಣಿಯು ತನ್ನ ಚಿಹ್ನೆಗಳನ್ನು ಮತ್ತೆ ಒತ್ತಿಸಿದ್ದಾನೆ. ಹಲವು ನಾಣ್ಯಗಳ ಅಂಚಿನಲ್ಲಿ ಹಳೆಯ ಅಕ್ಷರಗಳು ಇನ್ನೂ ಇಣುಕುತ್ತವೆ. ಆಮೇಲಿನ ಶಾತವಾಹನರು ತಮ್ಮದೇ ಬೆಳ್ಳಿ ನಾಣ್ಯಗಳನ್ನು ಟಂಕಿಸಿದಾಗ ಪಕ್ಕಮೊಗದ ರಾಜಚಿತ್ರವನ್ನು ಉಳಿಸಿಕೊಂಡು ಗ್ರೀಕ್ ಅಕ್ಷರಗಳನ್ನು ಕೈಬಿಟ್ಟರು. ಎರಡು ಬದಿಗೆ ಎರಡು ಭಾಷೆ ಎಂಬ ಪದ್ಧತಿಯೂ ಉಳಿಯಿತು: ಒಂದು ಪ್ರಾಕೃತ, ಇನ್ನೊಂದು ವಿದ್ವಾಂಸರು ದ್ರಾವಿಡವೆಂದು ಗುರುತಿಸುವ ದಕ್ಷಿಣದ ಭಾಷೆ, ಎರಡೂ ಬ್ರಾಹ್ಮಿಯಲ್ಲಿ.