ಕ್ಲಚ್ ಜೊತೆ ಫ್ಲೈವೀಲೂ ಹೋಯ್ತಾ? ಡ್ಯುಯಲ್ ಮಾಸ್, ಸಾಲಿಡ್ ಜಗಳದ ಹಿಂದಿನ ಕಥೆ

ಹಳೆಯ ಡೀಸೆಲ್ ಕಾರನ್ನು ಕ್ಲಚ್ ಕೆಲಸಕ್ಕೆ ಬಿಟ್ಟವರಿಗೆ ಮಧ್ಯಾಹ್ನದ ಹೊತ್ತಿಗೆ ಗ್ಯಾರೇಜಿನಿಂದ ಒಂದು ಫೋನ್ ಬರುತ್ತದೆ. ‘ಗೇರ್‌ಬಾಕ್ಸ್ ಇಳಿಸಿದೀವಿ ಸಾರ್, ಫ್ಲೈವೀಲೂ ಹೋಗಿದೆ. ಕಂಪನಿದೇ ಹಾಕೋಣ್ವಾ, ಇಲ್ಲ ಸಾಲಿಡ್ ಹಾಕ್ಬಿಡೋಣ್ವಾ?’ ಫ್ಲೈವೀಲ್ ಅಂದರೆ ಎಂಜಿನ್ನಿಗೂ ಕ್ಲಚ್ಚಿಗೂ ನಡುವೆ ತಿರುಗುವ ಭಾರದ ಚಕ್ರ. ಕಂಪನಿದು ಅಂದರೆ ಎರಡು ಭಾಗದ ಡ್ಯುಯಲ್ ಮಾಸ್ ಫ್ಲೈವೀಲ್, ಗ್ಯಾರೇಜಿನ ಭಾಷೆಯಲ್ಲಿ ಡಿಎಂಎಫ್. ಸಾಲಿಡ್ ಅಂದರೆ ಒಂದೇ ತುಂಡಿನದು. ಎಷ್ಟೋ ಕಾರುಗಳಲ್ಲಿ ಅದೊಂದರ ಬೆಲೆಯೇ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಎಲ್ಲ ಸೇರಿದ್ದಕ್ಕಿಂತ ಜಾಸ್ತಿ. ರೇಟು ಕೇಳಿದ ತಕ್ಷಣ ಸಾಲಿಡ್ಡೇ ಸಾಕು ಅನಿಸೋದು ಸಹಜ.

ಅಂಬಾಸಿಡರ್, ಪದ್ಮಿನಿ ಓಡುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಫ್ಲೈವೀಲ್ ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ತುದಿಗೆ ಬೋಲ್ಟ್ ಹಾಕಿ ಕೂರಿಸಿದ ಒಂದೇ ಒಂದು ಕಬ್ಬಿಣದ ಚಕ್ರ, ಅಂಚಿನಲ್ಲಿ ಸ್ಟಾರ್ಟರಿಗೆ ಹಲ್ಲು, ಅಷ್ಟೇ. ಮುಖ ಸವೆದು ಗೆರೆ ಬಿದ್ದರೆ ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಿ ವಾಪಸ್ ಹಾಕುತ್ತಿದ್ದರು. ಎಂಜಿನ್ ನಡುಕವನ್ನು ಮೆತ್ತಗೆ ಮಾಡೋ ಕೆಲಸ ಕ್ಲಚ್ ಪ್ಲೇಟಿನ ನಡುವೆ ಸುತ್ತಲೂ ಕೂತ ನಾಲ್ಕಾರು ಸಣ್ಣ ಸ್ಪ್ರಿಂಗುಗಳದ್ದು. ಎಂಜಿನ್ನಿಗೆ ತಿರುಚುವ ಬಲ ಕಡಿಮೆ, ಗೇರ್‌ಬಾಕ್ಸು ದಪ್ಪ. ಅಷ್ಟರಲ್ಲೇ ನಡೆಯುತ್ತಿತ್ತು.

ಕಥೆ ಬದಲಾದದ್ದು 1970ರ ದಶಕದ ತೈಲ ಬಿಕ್ಕಟ್ಟಿನ ನಂತರ. ಮೈಲೇಜ್ ಬೇಕು ಅಂತ ಯುರೋಪಿನ ಕಂಪನಿಗಳು ಕಾರಿನ ತೂಕ ಇಳಿಸಿದವು, ಗೇರುಗಳ ಸಂಖ್ಯೆ ಏರಿಸಿದವು, ಗೇರ್‌ಬಾಕ್ಸಿಗೆ ತೆಳು ಆಯಿಲ್ ಹಾಕಿದವು, ಕಡಿಮೆ ಆರ್‌ಪಿಎಂನಲ್ಲೇ ಟಾಪ್ ಗೇರಿನಲ್ಲಿ ಎಳೆಯುವ ಹಾಗೆ ಎಂಜಿನ್ ರೂಪಿಸಿದವು. ಅಲ್ಲೇ ತೊಂದರೆ ಶುರುವಾಯಿತು. ನಾಲ್ಕು ಸಿಲಿಂಡರ್ ಎಂಜಿನ್ 800 ಆರ್‌ಪಿಎಂನಲ್ಲಿ ತಿರುಗುವಾಗ ಸೆಕೆಂಡಿಗೆ ಸುಮಾರು 27 ಸಲ ಒಳಗೆ ಹೊಡೆತ ಬೀಳುತ್ತದೆ. ಅಂದರೆ ಎಂಜಿನ್ ಒಂದೇ ಸಮ ತಿರುಗುವುದಿಲ್ಲ, ಒದೆಒದೆದು ತಿರುಗುತ್ತದೆ. ಆ ಒದೆತ ಗೇರ್‌ಬಾಕ್ಸಿಗೆ ಹೋದರೆ ಲೋಡ್ ಇಲ್ಲದ ಗೇರುಗಳ ಹಲ್ಲು ಒಂದಕ್ಕೊಂದು ಬಡಿದು ಕಟಕಟ ಅನ್ನುತ್ತವೆ. ಪ್ಲೇಟಿನ ಸ್ಪ್ರಿಂಗ್ ಈ ನಡುಕ ತಡೆಯಲು ಹೋಗಿ, ಸರಿಯಾಗಿ ನಾವು ಓಡಿಸುವ 1,200ರಿಂದ 2,000 ಆರ್‌ಪಿಎಂ ಒಳಗೇ ಎಲ್ಲೋ ಒಂದು ಕಡೆ ಅದನ್ನು ಇನ್ನೂ ಹೆಚ್ಚಿಸುತ್ತಿತ್ತು.

ಇದಕ್ಕೆ 1980ರ ದಶಕದ ಮಧ್ಯದಲ್ಲಿ ಜರ್ಮನಿಯಲ್ಲಿ ಸಿಕ್ಕ ಪರಿಹಾರವೇ ಡಿಎಂಎಫ್. ಲುಕ್, ಸ್ಯಾಕ್ಸ್ ತರಹದ ಕ್ಲಚ್ ಕಂಪನಿಗಳು ಇದರಲ್ಲಿ ಮುಂದಿದ್ದವು. ಚಕ್ರವನ್ನು ಎರಡು ಮಾಡಿದರು. ಒಂದು ಭಾಗ ಎಂಜಿನ್ ಕಡೆ, ಇನ್ನೊಂದು ಗೇರ್‌ಬಾಕ್ಸ್ ಕಡೆ, ನಡುವೆ ಗ್ರೀಸಿನಲ್ಲಿ ಮುಳುಗಿದ ಉದ್ದನೆಯ ಬಾಗಿದ ಸ್ಪ್ರಿಂಗುಗಳು. ಗೇರ್‌ಬಾಕ್ಸ್ ಕಡೆ ತೂಕ ಹೆಚ್ಚಿದ್ದರಿಂದ ಆ ನಡುಕ ಜಾಸ್ತಿಯಾಗುವ ಜಾಗ 300 ಆರ್‌ಪಿಎಂ ಆಸುಪಾಸಿಗೆ ಇಳಿಯಿತು. ಐಡ್ಲಿಂಗೇ ಅದಕ್ಕಿಂತ ಮೇಲಿರುತ್ತದೆ. ಹಾಗಾಗಿ ಸ್ಟಾರ್ಟ್ ಮಾಡುವಾಗ, ಆಫ್ ಮಾಡುವಾಗ ಮಾತ್ರ ಅದನ್ನು ದಾಟಬೇಕು. ಡಿಎಂಎಫ್ ಹೋದ ಕಾರು ಕೀ ತಿರುಗಿಸಿ ನಿಲ್ಲಿಸುವಾಗಲೇ ಧಡಧಡ ಅನ್ನುವುದು ಇದಕ್ಕೇ.

ಮೊದಲ ಸಲವೇ ಎಲ್ಲ ಸರಿ ಹೋಯಿತು ಅಂತಲ್ಲ. 1989ರ ಪೋರ್ಶೆ 911, ಅಂದರೆ 964 ಮಾದರಿಯ ಶುರುವಿನ ಕಾರುಗಳಲ್ಲಿ ಸ್ಪ್ರಿಂಗ್ ಬದಲು ರಬ್ಬರ್ ಇದ್ದ ಡಿಎಂಎಫ್ ಬಂತು. ರಬ್ಬರ್ ಹಾಳಾಗತೊಡಗಿತು, ಆಮೇಲೆ ಉಕ್ಕಿನ ಸ್ಪ್ರಿಂಗ್ ಇದ್ದ ಲುಕ್‌ನದು ಹಾಕಿದರು. ಅದೇ ಕಾರಿನ ಹಗುರ ಮಾದರಿ ಕರೆರಾ ಆರ್‌ಎಸ್‌ಗೆ ಮಾತ್ರ ಹಗುರವಾದ ಸಾಲಿಡ್ ಚಕ್ರ. ಎಂಜಿನ್ ಚುರುಕಾಗಿ ಏರುತ್ತಿತ್ತು, ಆದರೆ ಸಿಗ್ನಲ್ಲಿನಲ್ಲಿ ನಿಂತರೆ ಗೇರ್‌ಬಾಕ್ಸ್ ಗಲಗಲ. ಆರ್‌ಎಸ್ಸಿನಲ್ಲೇ ಟೂರಿಂಗ್ ಅನ್ನೋ ಆರಾಮದ ಮಾದರಿ ತಗೊಂಡವರಿಗೆ ಮತ್ತೆ ಡಿಎಂಎಫ್ ಕೊಟ್ಟರು! ಸದ್ದು ಸಹಿಸುವವರಿಗೆ ಒಂದು, ಸಹಿಸದವರಿಗೆ ಇನ್ನೊಂದು. ಇವತ್ತಿನ ಜಗಳವೂ ಇದೇ ಅಲ್ವಾ?

ಡಿಎಂಎಫ್ ಸಾಮಾನ್ಯರ ಕಾರಿಗೆ ಇಳಿದದ್ದು ಟರ್ಬೊ ಡೀಸೆಲ್ ಹಿಂದೆ. 1997ರಲ್ಲಿ ಆಲ್ಫಾ ರೋಮಿಯೊ 156 ಕಾಮನ್ ರೈಲ್ ಡೀಸೆಲ್ ತಂದಿತು, ಫೋಕ್ಸ್‌ವ್ಯಾಗನ್ನಿನ ಟಿಡಿಐ ಡೀಸೆಲ್ ಎಂಜಿನ್ ಆಗಲೇ ಹೆಸರು ಮಾಡಿತ್ತು. ಕಡಿಮೆ ಆರ್‌ಪಿಎಂನಲ್ಲೇ ಭಾರಿ ಎಳೆತ. ಕೆಲವು ವರ್ಷದಲ್ಲಿ ಬಿಲ್ಲೂ ಬಂತು. ಬ್ರಿಟನ್ನಿನಲ್ಲಿ ಫೋರ್ಡ್ ಮೊಂಡಿಯೊ ಡೀಸೆಲ್ ಇಟ್ಟವರೂ ಟ್ಯಾಕ್ಸಿ ಓಡಿಸುವವರೂ ಬೈದುಕೊಂಡು ಫ್ಲೈವೀಲ್ ಬದಲಿಸಿದರು. ಆ ಗಿರಾಕಿಗಳಿಗೆಂದೇ ಫ್ರಾನ್ಸಿನ ವ್ಯಾಲಿಯೊ ಸಾಲಿಡ್ ಚಕ್ರ, ಹೊಸ ಪ್ಲೇಟು ಎಲ್ಲ ಸೇರಿದ ಕಿಟ್ ಮಾರಿತು. ಅಮೆರಿಕದ ಟಿಡಿಐ ಮಾಲೀಕರು ಫೋಕ್ಸ್‌ವ್ಯಾಗನ್ನಿನದೇ ಹಳೆಯ ವಿಆರ್6 ಎಂಜಿನ್ ಕಾರಿನ ಕ್ಲಚ್ ಜೊತೆ ಸಾಲಿಡ್ ಚಕ್ರ ಕೂರಿಸಿಕೊಂಡರು. ಡಿಎಂಎಫ್ ಮಾಡುವವರು ಇದು ಬೇಡ ಅಂದರು. ಕಿಟ್ ಮಾರುವವರಿಗೂ ಡಿಎಂಎಫ್ ಮಾಡುವವರಿಗೂ ತಮ್ಮ ತಮ್ಮ ಮಾಲು ಮಾರಬೇಕಿತ್ತು ಅನ್ನೋದನ್ನೂ ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ ಡೀಸೆಲ್ ಅಗ್ಗ ಅಂತ ಜನ ಡೀಸೆಲ್ ಕಾರು ಕೊಳ್ಳುತ್ತಿದ್ದರು, ಅಕ್ಟೋಬರ್ 2014ರಲ್ಲಿ ಅದರ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋಯಿತು. ಏಪ್ರಿಲ್ 2020ರಲ್ಲಿ ಹೊಗೆಯ ಹೊಸ ನಿಯಮ ಬಿಎಸ್6 ಬಂದಾಗ ಮಾರುತಿ, ಫೋಕ್ಸ್‌ವ್ಯಾಗನ್ ಡೀಸೆಲ್ ಕಾರನ್ನೇ ನಿಲ್ಲಿಸಿದವು. ಅದಕ್ಕೂ ಮುಂಚೆ ಕೊಂಡ ವೆಂಟೊ, ಲಾರಾಗಳು ಈಗ ಸೆಕೆಂಡ್, ಥರ್ಡ್ ಓನರ್ ಕೈಯಲ್ಲಿ ಎರಡನೇ ಕ್ಲಚ್‌ಗೆ ಬಂದಿವೆ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಹಾಫ್ ಕ್ಲಚ್, ಶಿರಾಡಿಯಲ್ಲಿ ಲಾರಿ ಹಿಂದೆ ಥರ್ಡ್ ಗೇರಿನಲ್ಲಿ ಒದ್ದಾಟ. ಬಿಸಿಗೆ ಒಳಗಿನ ಗ್ರೀಸ್ ಕೆಡುತ್ತದೆ. ಇಂಜೆಕ್ಟರ್ ಸರಿಯಿಲ್ಲದೆ ಎಂಜಿನ್ ಕುಂಟಿದರೆ ಆ ಏಟೂ ಸ್ಪ್ರಿಂಗಿಗೇ.

ಅದಕ್ಕೇ ಫೋನ್ ಬಂದ ತಕ್ಷಣ ಒಪ್ಪಬೇಡಿ, ಹೋಗಿ ನೋಡಿ. ಮೆಕ್ಯಾನಿಕ್ ಚಕ್ರ ಹಿಡಿದು ಆಚೆ ಈಚೆ ತಿರುಗಿಸಿ ‘ಆಡ್ತಿದೆ ನೋಡಿ ಸಾರ್’ ಅನ್ನುತ್ತಾರೆ. ಡಿಎಂಎಫ್ ಆಡಲೇಬೇಕು, ಅದು ಇರೋದೇ ಅದಕ್ಕೆ! ಸ್ಪ್ರಿಂಗ್ ತಡೆ ಕೈಗೆ ಸಿಗುವ ಮುಂಚೆ ಎಷ್ಟು ಸಡಿಲ ತಿರುಗುತ್ತದೆ, ಒಳಗೂ ಹೊರಗೂ ಎಷ್ಟು ಅಲ್ಲಾಡುತ್ತದೆ ಅನ್ನೋದು ಮುಖ್ಯ. ಪ್ರತಿ ಮಾದರಿಗೂ ಇದಕ್ಕೆ ಅಳತೆ ಇದೆ, ಆ ಅಳತೆ ಹಿಡಿದು ನೋಡಿ ಅಂತ ಕೇಳಿ. ಅಂಚಿನಲ್ಲಿ ಗ್ರೀಸ್ ಚೆಲ್ಲಿದ್ದರೆ, ಮುಖದಲ್ಲಿ ಬಿರುಕು ಇದ್ದರೆ ಮಾತೇ ಬೇಡ, ಬದಲಿಸಬೇಕು. ಲೇತಿಗೆ ಕೊಟ್ಟು ಬರ್ತೀನಿ ಅಂದರೆ ಬಿಡಬೇಡಿ.

ನನ್ನ ಲೆಕ್ಕ ಇಷ್ಟು. ಕಾರು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳೋದಾದರೆ, ಅದೂ ಎಳೆತ ಜಾಸ್ತಿ ಇರುವ ಎರಡು ಲೀಟರ್ ಡೀಸೆಲ್ ಆದರೆ, ಡಿಎಂಎಫ್ಫೇ ಹಾಕಿ. ಸಾಲಿಡ್ ಹಾಕಿದರೆ ಉಳಿದ ನಡುಕವನ್ನು ಗೇರ್‌ಬಾಕ್ಸ್ ತಿನ್ನಬೇಕಾಗುತ್ತದೆ, ಅದರ ಬೇರಿಂಗ್ ಕೆಲಸ ಇನ್ನೂ ದುಬಾರಿ. ಮಾರೋ ಯೋಚನೆ ಇರುವ ಸಣ್ಣ ಎಂಜಿನ್ ಕಾರಿಗೆ, ಒಳ್ಳೆ ಕಂಪನಿಯ ಕಿಟ್ ನಿಮ್ಮ ಎಂಜಿನ್ ನಂಬರಿಗೇ ಸಿಕ್ಕರೆ, ಸಾಲಿಡ್ ತಪ್ಪಲ್ಲ. ಐಡ್ಲಿಂಗಿನಲ್ಲಿ ಸ್ವಲ್ಪ ಸದ್ದು ಬರುತ್ತದೆ, ಕೊಳ್ಳುವವರಿಗೂ ಹೇಳಿಬಿಡಿ.

ಜೆ.ಸಿ. ರಸ್ತೆಯಲ್ಲಿ ಬಿಡಿಬಿಡಿಯಾಗಿ ಕೊಂಡು ಸೇರಿಸೋದಾದರೆ ಮಾತ್ರ ಹುಷಾರು. ಡಿಎಂಎಫ್ ಜೊತೆ ಬರುವ ಕ್ಲಚ್ ಪ್ಲೇಟಿನ ನಡುವೆ ಎಷ್ಟೋ ಸಲ ಸ್ಪ್ರಿಂಗೇ ಇರಲ್ಲ, ಕೆಲಸವೆಲ್ಲ ಫ್ಲೈವೀಲಿನದ್ದು. ಆ ಪ್ಲೇಟನ್ನು ಸಾಲಿಡ್ ಚಕ್ರಕ್ಕೆ ಕೂರಿಸಿದರೆ ನಡುಕ ತಡೆಯೋಕೆ ಏನೂ ಉಳಿಯಲ್ಲ. ಗೇರ್‌ಬಾಕ್ಸ್ ಮೇಲೆತ್ತುವ ಮುಂಚೆ ಪ್ಲೇಟನ್ನು ಕೈಗೆ ತಗೊಂಡು ನಡುವೆ ಸ್ಪ್ರಿಂಗ್ ಇದೆಯಾ ನೋಡಿ. ಫ್ಲೈವೀಲ್ ಬೋಲ್ಟ್ ಹೊಸದು ಹಾಕಿದ್ದಾರಾ ಅಂತಲೂ ಕೇಳಿ. ತುಂಬ ಕಾರುಗಳಲ್ಲಿ ಅವು ಒಮ್ಮೆ ಟೈಟ್ ಮಾಡಿದರೆ ಹಿಗ್ಗುವ ಬೋಲ್ಟುಗಳು, ಬಿಚ್ಚಿದ್ದನ್ನೇ ಮತ್ತೆ ಹಾಕುವಂತಿಲ್ಲ.